ಕಾಯುವ ಸಾಲುಗಳು

ಹೊಯ್ಗೆಬಜಾರಿನಲ್ಲಿ, ಮಂಜುಗಡ್ಡೆ ಕಾರ್ಖಾನೆಯ ಎದುರು,
ಬಲೆ ರಿಪೇರಿ ಅಂಗಡಿಯ ಮಾಳಿಗೆಯಲ್ಲಿ
ನನ್ನ ಮೇಜು.
ಕೆಳಗೆ ನೈಲಾನು ನೂಲಿನ ಕೈಗಳು,
ಮೇಲೆ ನಾನು,
ಮೀನು ಹುಡುಕುವ ಯಂತ್ರದ ಡ್ರೈವರಿನಲ್ಲಿ
ಹರಿದ ಕಣ್ಣುಗಳನ್ನು ಒಂದೊಂದಾಗಿ ತಡವುತ್ತ.

ಬರೆದವರು ಬಾಳಿಗರು, ಹದಿನೇಳು ವರ್ಷದ ಹಿಂದೆ.
ಆಗಿನ ಚಿಪ್ ನಿಧಾನದ್ದು.
ಕಾಯಬೇಕಾದಲ್ಲೆಲ್ಲ ಅವರು
ಏನೂ ಮಾಡದ ಒಂದು ಸುತ್ತು ಬರೆದಿದ್ದರು:
ಸೊನ್ನೆಯಿಂದ ನಾಲ್ಕು ಸಾವಿರದ ಏಳುನೂರರ ತನಕ
ಎಣಿಸು, ಮತ್ತೆ ಮುಂದೆ ಹೋಗು.
ಹತ್ತೊಂಬತ್ತು ಕಡೆ ಇಂಥ ಎಣಿಕೆ,
ಒಂದೊಂದು ಕಡೆ ಒಂದೊಂದು ಸಂಖ್ಯೆ,
ಯಾಕೆ ಅಂತ ಎಲ್ಲಿಯೂ ಇಲ್ಲ.

ಹೊಸ ಚಿಪ್ ಬಂತು.
ಅದೇ ನಾಲ್ಕು ಸಾವಿರದ ಏಳುನೂರನ್ನು
ಒಂದೇ ಉಸಿರಿಗೆ ಮುಗಿಸಿತು,
ಮಗ್ಗಿ ಒಪ್ಪಿಸಿ ಆಟಕ್ಕೆ ಓಡುವ ಹುಡುಗನ ಹಾಗೆ.
ಎಣಿಕೆ ಅದೇ. ಹೊತ್ತು ಅದಲ್ಲ.

ಅದೂ ಅಲ್ಲದೆ, ಎಣಿಸುವಷ್ಟು ಹೊತ್ತು
ಇಡೀ ಪ್ರೊಸೆಸರ್ ಬೇರೇನೂ ಮಾಡುವ ಹಾಗಿಲ್ಲ:
ಸ್ಟೇಟ್‌ಬ್ಯಾಂಕಿನಲ್ಲಿ ತಲಪಾಡಿ ಬಸ್ಸು
ಇಂಜಿನ್ ಗುರುಗುಟ್ಟಿಸುತ್ತ ಅಡ್ಡ ನಿಂತ ಹಾಗೆ,
ಹಿಂದೆ ಕಾವೂರು, ಸುರತ್ಕಲ್ಲು, ಎಲ್ಲ ಬರೀ ಹಾರ್ನು.
ಒಬ್ಬ ಟೈಮ್‌ಕೀಪರ್ ಬೇಕಿತ್ತು ಅಲ್ಲಿ,
ಬಾಯಲ್ಲಿ ಸೀಟಿ, ಕೈಯಲ್ಲಿ ಪಟ್ಟಿ,
"ನೀನು ಪಕ್ಕಕ್ಕೆ ಹೋಗಿ ಮಲಗು,
ಹೊತ್ತಾದಾಗ ನಾನೇ ಎಬ್ಬಿಸ್ತೇನೆ" ಅನ್ನುವವನು.
ಬರೆದೆ ಅಂಥವನನ್ನು. ಹತ್ತೊಂಬತ್ತು ಕಡೆಗೂ ಅವನೊಬ್ಬನೇ.
ಸಂಖ್ಯೆ ಅಳಿಸಿ ಹೆಸರು ಕೊಟ್ಟೆ:
ಕರೆಂಟು ನೆಲೆಯಾಗುವ ಹೊತ್ತು,
ರಿಲೇ ಕಚ್ಚುವ ಹೊತ್ತು,
ಪರದೆ ಕಣ್ಣು ಬಿಡುವ ಹೊತ್ತು.

ಒಂದಕ್ಕೆ ಮಾತ್ರ ಹೆಸರು ಸಿಗಲಿಲ್ಲ.
ಬೋಟಿನ ತಳದ ಹರಳು ನೀರಿಗೆ ಕೂಗು ಹಾಕಿದ ಮೇಲೆ,
ಮಾರ್ದನಿಗೆ ಕಿವಿ ತೆರೆಯುವ ಮೊದಲು,
ಸುಮ್ಮನೆ ಒಂದು ಕಾಯುವಿಕೆ.
ಪಕ್ಕದಲ್ಲಿ ಬಾಳಿಗರ ಟಿಪ್ಪಣಿ: ತೆಗೀಬೇಡಿ.
ಮಣ್ಣಗುಡ್ಡೆಯ ಮನೆಗೆ ಫೋನು ಮಾಡಿದೆ.
ಕುಕ್ಕರಿನ ಸೀಟಿಯ ನಡುವೆ ಅವರು ನೆನಪು ಮಾಡಿಕೊಂಡರು,
ಮಾಡಿಕೊಂಡರು, ಬರಲಿಲ್ಲ.
"ತೆಗೆದು ನೋಡಿ. ಏನಾಗ್ತದೆ ಮಹಾ."

ತೆಗೆದೆ. ಮೇಜಿನ ಮೇಲೆ,
ಸುಳ್ಳು ಮಾರ್ದನಿ ಕೊಡುವ ಪೆಟ್ಟಿಗೆಗೆ ಕಟ್ಟಿ ನೋಡಿದರೆ
ಎಲ್ಲ ಸರಿ.

ಮೂರನೆಯ ದಿನ ಸೂರಪ್ಪ ಮೆಂಡನರ ಬೋಟು
ನನ್ನನ್ನೂ ಕೂರಿಸಿಕೊಂಡು
ಅಳಿವೆ ದಾಟಿ ಹನ್ನೆರಡು ಮಾರು ನೀರಿಗೆ ಹೋಯಿತು.
ಪರದೆಯ ತುದಿಯಲ್ಲಿ ಒಂದು ಹಿಂಡು,
ದಪ್ಪ ಕೆಂಪು, ಅಲುಗುವುದೇ ಇಲ್ಲ.
ಬೋಟು ತಿರುಗಿದರೆ ಅದೂ ತಿರುಗಿತು.
"ಶೈಲೆಟ್ ಬಾಯಿ," ಅಂದರು ತಂಡೇಲರು, ಬೀಡಿ ತೆಗೆಯದೆ,
"ಈ ಬಂಗುಡೆ ಧಕ್ಕೆಯಿಂದಲೇ ನಮ್ಮೊಟ್ಟಿಗೆ ಬರ್ತಾ ಉಂಟು.
ಟಿಕೇಟು ಕೊಡುವನಾ?"
ಇಡೀ ಬೋಟು ನಕ್ಕಿತು. ನಾನು ಬಗ್ಗಿ ವಾಂತಿ ಮಾಡಿದೆ;
ಅದು ಅಲೆಗೆ, ನಗುವಿಗಲ್ಲ.

ಬಾಯಿ ತೊಳೆದು ಹಗ್ಗದ ಸುರುಳಿಯ ಮೇಲೆ ಕೂತಾಗ ಹೊಳೆಯಿತು:
ಬಡಿಗೆ ತೆಗೆದ ಮೇಲೂ ಜಾಗಟೆ ನಡುಗುತ್ತದೆ.
ಕೂಗು ನಿಲ್ಲಿಸಿದ ಹರಳು ಇನ್ನೂ ಕೂಗುತ್ತಲೇ ಇತ್ತು.
ಬೇಗ ಕಿವಿ ತೆರೆದೆವು,
ನಮ್ಮದೇ ದನಿಯನ್ನು
ಮೀನು ಅಂದುಕೊಂಡೆವು.

ರಾತ್ರಿ ಅದನ್ನು ವಾಪಸು ಹಾಕಿದೆ, ಎಣಿಕೆಯಾಗಿ ಅಲ್ಲ,
ಹೆಸರಿಟ್ಟು: ಹರಳು ಸುಮ್ಮನಾಗುವ ಹೊತ್ತು.
ಆರುನೂರು ಮೈಕ್ರೋಸೆಕೆಂಡು.
ಅಷ್ಟರೊಳಗೆ ಸದ್ದು ಹೋಗಿ ಮುಟ್ಟಿ ಬರುವುದು ಒಂದು ಮೊಳ.
ಆ ಮೊಳದೊಳಗೆ ಏನು ಈಜಿದರೂ ನಮಗೆ ಕಾಣದು.
ಈಜಲಿ.

ಅಳಿಸಿದ್ದು ಮುನ್ನೂರ ಹನ್ನೆರಡು ಸಾಲು, ಬರೆದದ್ದು ಐವತ್ತಾರು.
ಬಾಳಿಗರ "ತೆಗೀಬೇಡಿ" ಇದ್ದಲ್ಲೇ ಇದೆ,
ಯಾಕೆಂದು ಅದರ ಕೆಳಗೆ ನನ್ನದೊಂದು ಸಾಲು.
ಎದುರಿನ ಕಾರ್ಖಾನೆಯಲ್ಲಿ ಮಂಜುಗಡ್ಡೆ ಪುಡಿಮಾಡುವ ಯಂತ್ರ ನಿಂತಿತು.
ಸ್ವಲ್ಪ ಹೊತ್ತಾದ ಮೇಲೆ
ಕೆಳಗೆ ಯಾರೋ ಹಲ್ಲಿನಿಂದ ನೂಲು ಕಡಿದದ್ದು ಕೇಳಿಸಿತು.